ಕಬ್ಬನ್ ಉದ್ಯಾನದ ಬಿದಿರುಮೆಳೆ

ಬೆಂಗಳೂರಿನ ಕಬ್ಬನ್ ಉದ್ಯಾನವನ್ನು ನೋಡದ ವಾಚಕರು ವಿರಳ. 1870ರಲ್ಲಿ ನಿರ್ಮಿತವಾದ ಆ ವಿಶಾಲವಾದ ತೋಪಿನಲ್ಲಿ ಮುಂಜಾನೆ ವಿಹರಿಸುವ ಸುಖವನ್ನು ಬಣ್ಣಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ನಾವು ಅಲ್ಲಿಗೆ ಹೋದುದು, ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಏರ್ಪಟ್ಟಿದ್ದ ಚಿತ್ರಲೇಖನ ಸ್ಪರ್ಧೆಗೆ ಮೂರನೆಯ ತರಗತಿಯಲ್ಲಿದ್ದ ನಮ್ಮ ಮೊಮ್ಮಗಳನ್ನು ಕರೆದುಕೊಂಡು.

ಇಂತಹ ಸ್ಪರ್ಧೆಗಳ ಕ್ರಮ ಸರಳವಾದುದು. ಕಾಗದವನ್ನು ವ್ಯವಸ್ಥಾಪಕರೇ ಕೊಡುವರು. ಮನೆಯಲ್ಲಿ ಬರೆದು ತಂದುದನ್ನು ಯಾರೂ ಒಪ್ಪಿಸದಂತೆ ಅದರ ಬೆನ್ನಿಗೆ ಮುದ್ರೆಯಿರುವುದು. ಬಣ್ಣ, ಕುಂಚ, ಹಲಗೆಗಳು ಮಕ್ಕಳವು. ತಂದೆತಾಯಿಗಳ ಸ್ಥಾನ ಹಗ್ಗದ ಆಚೆ. ಅಂದು ಗೊತ್ತುಮಾಡಿದ್ದ ಅವಧಿ ಎರಡು ಗಂಟೆ. ನೀರುಬಣ್ಣವು ಆರುವ ಮೊದಲೇ ಅದರ ಮೇಲೆ ಇನ್ನೊಂದನ್ನು ಹಚ್ಚಿದರೆ ಎರಡೂ ಕಲಸಿಹೋಗುವುವಷ್ಟೆ. ಆದುದರಿಂದ ಪಳಗಿದ ಮಕ್ಕಳು ಆಕಾಶವನ್ನು ಮೊದಲು ಬಳಿದು, ಅದು ಒಣಗುವಷ್ಟರಲ್ಲಿ ಕೆಳಗಿನ ಕೆಲಸವನ್ನು ಸಾಗಿಸುವರು. ಪಳಗದವರು ಕಾಗದವನ್ನು ಊದುತ್ತ ಕುಳಿತಿರುವರು, ಪಾಪ!

ನಾವೂ ಸಿದ್ಧತೆಯಿಲ್ಲದೆ ಹೋಗಿರಲಿಲ್ಲ. ಗಡಿಯಾರವನ್ನು ಮುಂದಿಟ್ಟುಕೊಂಡು ಒಂದು ತಿಂಗಳಕಾಲ ಅವಳಿಂದ ಒಂದೇ ಚಿತ್ರವನ್ನು ಬರೆಸಿದ್ದೆವು: ಎರಡು ಬೆಟ್ಟ, ನಡುವೆ ಸೂರ್ಯ, ಗುಡಿಸಿಲು, ತೆಂಗಿನ ಮರ, ಒಂದು ತೊರೆ. ಅದನ್ನು 40 ನಿಮಿಷಗಳಲ್ಲಿ ಮುಗಿಸುವ ಕೈವಳಿಕೆ ಅವಳಿಗೆ ಬಂದಿತ್ತು. ಬಹುಮಾನದ ಆಸೆ ಅವಳಿಗಿಂತ ನಮಗೇ ಹೆಚ್ಚಾಗಿದ್ದಿತೆಂದು ಒಪ್ಪಿಕೊಳ್ಳಬೇಕು.

‘ನಿಮ್ಮೆದುರಿನ ಉದ್ಯಾನ’ವೆಂದು ವಿಷಯವನ್ನು ಸಾರಿದರು. ಹತ್ತು ನಿಮಿಷ ಕಳೆಯುವುದರೊಳಗೆ ಸಾಲುಸಾಲು ಕಾಗದಗಳ ಮೇಲೆ ಬೆಟ್ಟಗಳೆದ್ದುವು! ಅಲ್ಲಿ ಕಣ್ಣಿಗೆ ಬೀಳುವುದು ಮರಗಳು, ಬಿದಿರುಮೆಳೆ; ಬಹಳವಾದರೆ ದೂರದಲ್ಲಿ ಅಠಾರಾ ಕಚೇರಿಯ ಕೆಂಪು ಗೋಡೆ. ಬೆಟ್ಟವೆಲ್ಲಿಯದು?

ನಮ್ಮ ಹುಡುಗಿಯಾದರೋ ಏನನ್ನೂ ಬರೆಯಲಿಲ್ಲ. ಎದುರಿನ ಬಿದಿರುಮೆಳೆಯನ್ನು ನೋಡುತ್ತ ಅರ್ಧ ಗಂಟೆ ಕುಳಿತಳು. ನಮ್ಮ ಸಂಕಟವನ್ನು ಏನೆಂದು ಹೇಳೋಣ! ಹಗ್ಗದ ಈಚೆಯಿಂದ ಕೆಮ್ಮಿದೆವು. ಬೆರಳುಗಳಿಂದ ಗಾಳಿಯಲ್ಲಿ ಬೆಟ್ಟವನ್ನು ಬರೆದು ತೋರಿಸಿದೆವು. ಮೇಲ್ವಿಚಾರಕರೊಬ್ಬರು ನಮ್ಮನ್ನು ದುರುಗುಟ್ಟಿ ನೋಡಿದ ಮೇಲೆ ನಾಚಿ ಸುಮ್ಮನಾದೆವು. ಕೊನೆಗೆ ಅವಳು ಬಿದಿರನ್ನು ತುದಿಯಿಂದ ಬರೆಯಲಾರಂಭಿಸಿದಳು. ಬಾಗಿದ ಗಳುಗಳು, ಒಂದರ ಹಿಂದೊಂದು. ಗೆಣ್ಣುಗೆಣ್ಣಿಗೂ ಹಸುರು ಬೇರೆ, ಹಳದಿ ಬೇರೆ. ಗಂಟೆ ಬಾರಿಸಿದಾಗ ಕಾಗದದ ಕೆಳಗಿನ ಅರ್ಧ ಬಿಳಿದಾಗಿಯೇ ಉಳಿದಿತ್ತು. ಹಾಗೆಯೇ ಒಪ್ಪಿಸಿ ಬಂದಳು. ಬಹುಮಾನಗಳು ಬೆಟ್ಟಗಳಿಗೆ ಸಂದುವು.

ನಮಗೆ ಮಾತಾಡುವ ಮನಸ್ಸಿರಲಿಲ್ಲ. ಬಿಸಿಲಿಗೆ ಹೆದರಿ, ಉದ್ಯಾನದ ಮಗ್ಗುಲಿಗೆ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಚಿತ್ರಶಾಲೆಯನ್ನು ಹೊಕ್ಕೆವು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು, 1965ರಲ್ಲಿ ದಿವಂಗತರಾದ ನಮ್ಮ ನಾಡಿನ ಕಲಾವಿದ ಕೆ. ವೆಂಕಟಪ್ಪನವರ ಹೆಸರಿನದು ಅದು. ಅವರು ನೀರುಬಣ್ಣದಲ್ಲಿ ಬರೆದ ಉದಕಮಂಡಲದ ದೃಶ್ಯಗಳ ಮುಂದೆ ಹುಡುಗಿ ನಿಂತಳು. ಅಲ್ಲಿಯೂ ಬೆಟ್ಟಗಳಿದ್ದುವು, ಆದರೆ ಮಂಜು ಕವಿದ ಬೆಟ್ಟಗಳು, ಅಲ್ಲಿಗೆ ಹೋಗಿ ಕಂಡವರ ಬೆಟ್ಟಗಳು.

“ತಾತ, ಇವರಿಗೆ ಎಷ್ಟು ಗಂಟೆ ಕೊಟ್ಟಿದ್ದರು?” ಎಂದು ಕೇಳಿದಳು.

ನಮಗೆ ಉತ್ತರ ತೋಚಲಿಲ್ಲ. ಹಿಂದಿರುಗುವಾಗ ಅವಳು ಮತ್ತೆ ಮೆಳೆಯ ಬಳಿ ಹೋಗಿ, ಬಿದಿರು ನೆಲದಿಂದ ಹೊರಡುವ ಕಡೆ ಬಾಗಿ ನೋಡತೊಡಗಿದಳು. ಬಸ್ಸಿಗೆ ಹೊತ್ತಾಗಿತ್ತು. ನಾವು ಹತ್ತಿರದ ಕಲ್ಲುಬೆಂಚಿನ ಮೇಲೆ ಕುಳಿತೆವು.