ಬರ್ಕುಡಾ ದ್ವೀಪದ ಕಾಲಿಲ್ಲದ ಹಲ್ಲಿ

ಒಡಿಶಾದ ಗಂಜಾಂ ಜಿಲ್ಲೆಯಲ್ಲಿ, ಚೆನ್ನೈ–ಹೌರಾ ರೈಲುಮಾರ್ಗದ ಮೇಲೆ ರಂಭಾ ಎಂಬ ಊರಿದೆ. ಒಂದು ಪಕ್ಕ ಪೂರ್ವಘಟ್ಟದ ಗುಡ್ಡಗಳು, ಇನ್ನೊಂದು ಪಕ್ಕ ಕಣ್ಣು ಹಾಯುವಷ್ಟು ದೂರ ಚಿಲಿಕಾ ಸರೋವರ. ನದಿಗಳ ಸಿಹಿನೀರೂ ಬಂಗಾಳ ಕೊಲ್ಲಿಯ ಉಪ್ಪುನೀರೂ ಇಲ್ಲಿ ಬೆರೆಯುತ್ತವೆ. ಬೇಸಿಗೆಯಲ್ಲಿ ಸುಮಾರು 900 ಚದರ ಕಿ.ಮೀ. ಇರುವ ಸರೋವರ ಮಳೆಗಾಲದಲ್ಲಿ 1,100 ಚದರ ಕಿ.ಮೀ. ಮೀರಿ ಹರಡಿಕೊಳ್ಳುತ್ತದೆ. ಚಳಿಗಾಲದ ವಲಸೆ ಹಕ್ಕಿಗಳು, ಇರಾವದಿ ಡಾಲ್ಫಿನ್‌ಗಳು ಪ್ರವಾಸಿಗರನ್ನು ಇಲ್ಲಿಗೆ ಸೆಳೆಯುತ್ತವೆ.

ರಂಭಾದಿಂದ ದೋಣಿಯಲ್ಲಿ ಸುಮಾರು 5 ಕಿ.ಮೀ. ಸಾಗಿದರೆ ಬರ್ಕುಡಾ ಎಂಬ ಪುಟ್ಟ ದ್ವೀಪ ಸಿಗುತ್ತದೆ. ಪ್ರವಾಸಿಗರಿಗೆ ಇದು 'ಹನಿಮೂನ್ ದ್ವೀಪ'. ಪ್ರಾಣಿಶಾಸ್ತ್ರಜ್ಞರಿಗೆ ಇದರ ಪರಿಚಯ ಬೇರೆಯೇ. ಒಂದು ಜೀವಿಗೆ ಈ ದ್ವೀಪದ ಹೆಸರನ್ನೇ ಇಡಲಾಗಿದೆ!

ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ 1916ರಲ್ಲಿ ಆರಂಭವಾದಾಗ ಅದರ ಮೊದಲ ನಿರ್ದೇಶಕರಾದವರು ನೆಲ್ಸನ್ ಅನಂಡೇಲ್. ಚಿಲಿಕಾದ ಜೀವಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಅವರು. ಬರ್ಕುಡಾದಲ್ಲಿ ಸಿಕ್ಕ, ಎರೆಹುಳುವಿನಂತೆ ಉದ್ದನೆಯ ದೇಹದ ಒಂದು ಪ್ರಾಣಿಯನ್ನು 1917ರಲ್ಲಿ ಅವರು ಲೋಕಕ್ಕೆ ಪರಿಚಯಿಸಿದರು. ಅದಕ್ಕೆ ಕಾಲುಗಳಿರಲಿಲ್ಲ. ಆದರೂ ಅದು ಹಾವಲ್ಲ, ಹಲ್ಲಿ! ನಮ್ಮ ಹಿತ್ತಿಲಲ್ಲಿ ಓಡಾಡುವ ಹಾವುರಾಣಿಯ ಕುಟುಂಬಕ್ಕೆ ಸೇರಿದ್ದು. ಅದರ ಹೆಸರು 'ಬಾರ್ಕುಡಿಯ ಇನ್ಸುಲಾರಿಸ್'. 'ಇನ್ಸುಲಾರಿಸ್' ಎಂದರೆ ದ್ವೀಪಕ್ಕೆ ಸೇರಿದ್ದು.

ಕಾಲಿಲ್ಲದ ಮೇಲೆ ಹಾವೇ ಅಲ್ಲವೇ ಎಂದು ಮಕ್ಕಳು ಕೇಳಬಹುದು. ಅಲ್ಲ. ಹಾವಿಗೆ ಕಣ್ಣುರೆಪ್ಪೆಯಿಲ್ಲ, ಹೊರಗೆ ಕಾಣುವ ಕಿವಿಯ ರಂಧ್ರವೂ ಇಲ್ಲ. ಕಾಲಿಲ್ಲದ ಹಲ್ಲಿಗಳಲ್ಲಿ ಬಹುತೇಕವು ರೆಪ್ಪೆ ಮುಚ್ಚಿ ತೆರೆಯಬಲ್ಲವು. ಹಲವು ಜಾತಿಗಳಲ್ಲಿ ಕಿವಿಯ ಸಣ್ಣ ರಂಧ್ರವೂ ಕಾಣುತ್ತದೆ. ಚರ್ಮದೊಳಗೆ ಭುಜದ ಮತ್ತು ಸೊಂಟದ ಮೂಳೆಗಳ ಕುರುಹು ಉಳಿದಿರುವುದೂ ಉಂಟು.

ಹಾಗಾದರೆ ಕಾಲು ಹೋದದ್ದೇಕೆ? ಬರ್ಕುಡಾದ ಹಲ್ಲಿ ಮರದ ಬುಡದ ಸಡಿಲ ಮಣ್ಣಿನಲ್ಲಿ, ಉದುರಿದ ಎಲೆಗಳ ಅಡಿಯಲ್ಲಿ ಬದುಕುವಂಥದ್ದು. ಮಣ್ಣಿನೊಳಗೆ ನುಗ್ಗುವಾಗ ಕಾಲುಗಳು ಅಡ್ಡಿ, ನುಣುಪಾದ ಉದ್ದನೆಯ ದೇಹವೇ ಅನುಕೂಲ. ಲಕ್ಷಾಂತರ ವರ್ಷಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಲುಗಳು ಚಿಕ್ಕದಾಗುತ್ತಾ ಬಂದು ಕೊನೆಗೆ ಇಲ್ಲವಾದವು. ಆಸ್ಟ್ರೇಲಿಯದ 'ಲೆರಿಸ್ಟ' ಎಂಬ ಹಾವುರಾಣಿಗಳ ಗುಂಪಿನಲ್ಲಿ ಈ ಬದಲಾವಣೆಯ ಹಂತಗಳು ಇಂದಿಗೂ ಕಾಣಸಿಗುತ್ತವೆ. ಕೆಲವು ಜಾತಿಗಳಿಗೆ ಐದು ಬೆರಳಿನ ಕಾಲು, ಕೆಲವಕ್ಕೆ ಎರಡೇ ಬೆರಳು, ಇನ್ನು ಕೆಲವಕ್ಕೆ ಕಾಲೇ ಇಲ್ಲ. ಹಲ್ಲಿಗಳ ವಂಶದಲ್ಲಿ ಕಾಲು ಕಳೆದುಕೊಳ್ಳುವ ಈ ಘಟನೆ ಒಮ್ಮೆಯಲ್ಲ, ಬೇರೆ ಬೇರೆ ಕಡೆ ಹಲವಾರು ಬಾರಿ ನಡೆದಿದೆ.

ಮಣ್ಣಿನೊಳಗಿನ ಈ ಬದುಕೇ ಅದಕ್ಕೆ ರಕ್ಷಣೆ, ಅದೇ ಅಪಾಯವೂ ಹೌದು. ಕಣ್ಣಿಗೆ ಬೀಳದ ಪ್ರಾಣಿಯ ಬಗ್ಗೆ ಯಾರಿಗೂ ಚಿಂತೆಯಿರುವುದಿಲ್ಲ. 1917ರಿಂದ ಈಚೆಗೆ ವಿಜ್ಞಾನಿಗಳಿಗೂ ಇದು ಕಂಡಿರುವುದು ಬಹಳ ಅಪರೂಪ. ಹುಲಿಗಾದರೆ ವಿಶಾಲವಾದ ಕಾಡು ಬೇಕು. ಇಂಥ ಹಲ್ಲಿಗೆ ಬೇಕಾದದ್ದು ಮರದ ನೆರಳು, ತೇವದ ಮಣ್ಣು, ತರಗೆಲೆಯ ಹೊದಿಕೆ, ಅಷ್ಟೇ. ಆ ತರಗೆಲೆಯನ್ನು ಗುಡಿಸಿ ಬೆಂಕಿಯಿಟ್ಟರೆ, ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಅಲ್ಲೇ ಬಿಸಾಡಿದರೆ ಹಾಳಾಗುವುದು ಅದರ ಮನೆ.

ಇನ್ನೊಂದು ಅಪಾಯ ನಮ್ಮ ಭಯ. ನಾಲ್ಕು ಕಾಲಿರುವ ಹಾವುರಾಣಿಯನ್ನೇ ವಿಷದ ಪ್ರಾಣಿಯೆಂದು ನಂಬಿ ಹೊಡೆಯುವವರು ನಮ್ಮಲ್ಲಿದ್ದಾರೆ. ಅದಕ್ಕೆ ವಿಷವಿಲ್ಲ, ಅದು ಹುಳಹುಪ್ಪಟೆ ತಿಂದು ಬದುಕುತ್ತದೆ. ಕಾಲೇ ಇಲ್ಲದಿದ್ದರಂತೂ ಕೇಳುವುದೇ ಬೇಡ! ತೋಟ ಅಗೆಯುವಾಗ ಗುರುತು ಸಿಗದ ಪ್ರಾಣಿ ಕಂಡರೆ ಮಕ್ಕಳು ಅದನ್ನು ಮುಟ್ಟಬಾರದು, ದೊಡ್ಡವರು ಕೋಲು ಹುಡುಕಬಾರದು. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರೆ ಸಾಕು, ಅದು ತನ್ನ ದಾರಿ ಹಿಡಿದು ಮಣ್ಣು ಸೇರುತ್ತದೆ.