ಬೆಣ್ಣೆ ದೋಸೆ ಆಯ್ತು, ಮುಂದೆ?

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೀನಿ ಅಂದ ತಕ್ಷಣ ಮೈಸೂರಿನ ನಮ್ಮ ನೆಂಟರೆಲ್ಲ ಕೇಳೋದು ಒಂದೇ ಪ್ರಶ್ನೆ: “ಬೆಣ್ಣೆ ದೋಸೆ ತಿಂದ್ಯೇನೋ?” ತಿಂದೆ ಅಂತೀನಿ. ಅಲ್ಲಿಗೆ ದಾವಣಗೆರೆ ವಿಷಯ ಮುಗೀತು. ಎರಡನೇ ಪ್ರಶ್ನೆ ಯಾರ ಹತ್ರಾನೂ ಇಲ್ಲ. ಮೀನು ತಿನ್ನೋಕೆ ಮಂಗಳೂರಿಗೆ ಹೋಗ್ತಾರೆ, ಬಿರಿಯಾನಿ ತಿನ್ನೋಕೆ ಹೈದರಾಬಾದಿಗೆ ಹೋಗ್ತಾರೆ. ದಾವಣಗೆರೆ ಮಾತ್ರ ಪುಣೆ ಹೈವೇಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲೋ ಊರು. ಮೂರು ವರ್ಷದಿಂದ ಇಲ್ಲೇ ತಿಂದುಕೊಂಡು ಬಿದ್ದಿರೋ ನನಗೆ ಇದು ಸ್ವಲ್ಪ ಉರಿಯುತ್ತೆ.

ಹಾಗಂತ ದೋಸೆಯನ್ನ ಬಿಟ್ಟು ಮುಂದೆ ಹೋಗೋ ಹಾಗಿಲ್ಲ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನ ಕಟ್ಟಿಕೊಂಡು ಬಂದ ಚೆನ್ನಮ್ಮ ಅನ್ನೋ ಹೆಣ್ಣುಮಗಳು ಇಲ್ಲಿ ನಾಟಕದ ಥಿಯೇಟರ್ ಹತ್ರ ರಾಗಿ ದೋಸೆ ಹಾಕಿ ಮಾರೋಕೆ ಶುರು ಮಾಡಿದ್ರು, ಆಮೇಲೆ ಮಕ್ಕಳ ಕಾಲಕ್ಕೆ ರಾಗಿ ಹೋಗಿ ಅಕ್ಕಿ ಬಂತು, ಮೇಲೆ ಬೆಣ್ಣೆ ಬಂತು ಅನ್ನೋದು ಊರು ಹೇಳೋ ಕಥೆ. ಈಗ ಊರಿಗೆ ಬೆಣ್ಣೆ ನಗರಿ ಅಂತಲೇ ಹೆಸರು. ಮೊದಲು ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಗಿರಣಿಗಳ ಸದ್ದು ನಿಂತಿತು, ಕಾವಲಿ ಸದ್ದು ಉಳೀತು.

ಹೊಸಬರಿಗೆ ಒಂದು ಮಾತು. ಹೋಟೆಲಿಗೆ ಹೋಗಿ “ಒಂದು ಮಸಾಲೆ” ಅನ್ನಬೇಡಿ. ಇಲ್ಲಿ ಲೆಕ್ಕ ಬೇರೆ: ಬೆಣ್ಣೆ, ಖಾಲಿ, ಓಪನ್. ಬೆಣ್ಣೆ ದೋಸೆ ಹೊರಗೆ ಗರಿಗರಿ, ಒಳಗೆ ಹತ್ತಿ ಥರ. ಖಾಲಿ ಅಂದ್ರೆ ಮೆತ್ತಗೆ, ದಪ್ಪ. ಓಪನ್‌ಗೆ ಮೇಲೆ ಪುಡಿ ಉದುರಿಸಿ, ಪಲ್ಯ ಸವರಿ, ಮಡಚದೆ ಹಾಗೇ ಕೊಡ್ತಾರೆ. ಪಲ್ಯಕ್ಕೆ ನಮ್ಮ ಮೈಸೂರಿನ ಹಾಗೆ ಅರಿಶಿನ ಇಲ್ಲ, ಬೆಳ್ಳಗಿರುತ್ತೆ. ಚಟ್ನಿ ನೀರುನೀರು, ಆದ್ರೆ ಹಸಿಮೆಣಸಿನಕಾಯಿ ಖಾರ ನೆತ್ತಿಗೆ ಹತ್ತುತ್ತೆ. ಬೆಂಗಳೂರಲ್ಲಿ ಬೀದಿಗೊಂದು ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡ್ ಇದೆಯಲ್ಲ, ಅಲ್ಲಿ ಹೆಚ್ಚಿನ ಕಡೆ ತಪ್ಪೋದು ಬೆಣ್ಣೆಯಲ್ಲಲ್ಲ, ಈ ಚಟ್ನಿಯಲ್ಲಿ. ಗಟ್ಟಿ ಮಾಡಿಬಿಡ್ತಾರೆ. ನೀರಾಗಿದ್ರೇನೇ ಅದು ದೋಸೆಯೊಳಗೆ ಇಳಿಯೋದು.

ಆ ಹತ್ತಿಯಂಥ ಮೆದು ಎಲ್ಲಿಂದ ಬರುತ್ತೆ ಗೊತ್ತಾ? ಹಿಟ್ಟು ರುಬ್ಬುವಾಗ ಅಕ್ಕಿ, ಉದ್ದಿನ ಜೊತೆಗೆ ಒಂದಷ್ಟು ಮಂಡಕ್ಕಿಯನ್ನೂ ನೆನೆಸಿ ಹಾಕ್ತಾರೆ. ಎರಡನೇ ಪ್ರಶ್ನೆಗೆ ನನ್ನ ಉತ್ತರ ಆ ಮಂಡಕ್ಕಿಯೇ.

ಮೈಸೂರಲ್ಲಿ ಇದಕ್ಕೆ ಪುರಿ ಅಂತೀವಿ. ಸಂಜೆ ಕಡ್ಲೆಪುರಿ ತಿನ್ನೋದು, ಗಣೇಶನಿಗೆ, ಆಯುಧಪೂಜೆಗೆ ಹಂಚೋದು, ಅಷ್ಟೇ. ಇಲ್ಲಿ ಅದು ತಿಂಡಿ, ಊಟ, ಹರಟೆ ಎಲ್ಲಾನೂ. ಬೆಳಗ್ಗೆ ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ ಅರಿಶಿನದ ಒಗ್ಗರಣೆ ಕೊಟ್ಟು, ಮೇಲೆ ಹುರಿಗಡಲೆ ಪುಡಿ ಉದುರಿಸಿದ್ರೆ ಒಗ್ಗರಣೆ ಮಂಡಕ್ಕಿ. ಬಳ್ಳಾರಿ ಕಡೆ ಇದನ್ನೇ ಸೂಸಲ ಅಂತಾರೆ. ಸಂಜೆ ಗಾಡಿ ಮುಂದೆ ಖಾರ ಮಂಡಕ್ಕಿ. ಗರಿಗರಿಯಾಗಿ ಒಗ್ಗರಣೆ ಹಾಕಿದ ಇನ್ನೊಂದು ಜಾತಿಗೆ ನರ್ಗಿಸ್ ಮಂಡಕ್ಕಿ ಅಂತ ಹೆಸರು. ಮಂಡಕ್ಕಿಗೆ ಇಂಥ ಹೆಸರಿರೋ ಊರು ನನಗೆ ಇನ್ನೊಂದು ಗೊತ್ತಿಲ್ಲ. ಎಲ್ಲಕ್ಕೂ ಜೊತೆಗೆ ಮೆಣಸಿನಕಾಯಿ ಬೇಕೇಬೇಕು. ಬಜ್ಜಿ ಅನ್ನಲ್ಲ, ಬರೀ ‘ಮೆಣಸಿನ್ಕಾಯಿ’. “ಮಂಡಕ್ಕಿ ಮೆಣಸಿನ್ಕಾಯಿ ತಿನ್ನಾಣ ಬಾರಲೇ” ಅಂದ್ರೆ ಇಲ್ಲಿ ಸ್ನೇಹ ಆಯ್ತು ಅಂತ ಅರ್ಥ. ನನ್ನನ್ನ ಮೊದಲು ಹಾಗೆ ಕರೆದವನು ಮೆಕ್ಯಾನಿಕಲ್‌ನ ನನ್ನ ಕ್ಲಾಸ್‌ಮೇಟ್. ಅವನ ಮನೆ ಇರೋದು ಹಳೇ ಊರಿನ ಮಂಡಕ್ಕಿ ಭಟ್ಟಿಗಳ ಹತ್ರ.

ಭಟ್ಟಿ ನೋಡದೆ ದಾವಣಗೆರೆ ನೋಡಿದೆ ಅನ್ನಬೇಡಿ. ಬೆಳಗಿನ ಜಾವಕ್ಕೇ ಕೆಲಸ ಶುರು, ಬಿಸಿಲೇರಿದ ಮೇಲೆ ಒಲೆ ಮುಂದೆ ನಿಲ್ಲೋಕಾಗಲ್ಲ. ಭತ್ತವನ್ನ ನೆನೆಸಿ, ಬಿಸಿಯಲ್ಲಿ ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಅಕ್ಕಿಗೆ ಉಪ್ಪುನೀರು ಹಿಡಿಸಿ, ಮತ್ತೆ ಹದವಾಗಿ ಒಣಗಿಸಿ, ಕೊನೆಗೆ ಕಾದ ಮರಳಿಗೆ ಹಾಕ್ತಾರೆ. ಕೆಲವೇ ಸೆಕೆಂಡು. ಅಕ್ಕಿ ಬಿಳೀ ಹೂವಾಗಿ ಮೇಲೆದ್ದು ಬರುತ್ತೆ, ಜರಡಿ ಹಿಡಿದ್ರೆ ಮರಳು ಕೆಳಗೆ, ಮಂಡಕ್ಕಿ ಮೇಲೆ.

ಇದನ್ನ ಥರ್ಮೋಡೈನಮಿಕ್ಸ್ ಕ್ಲಾಸಲ್ಲಿ ಹೇಳಿಕೊಟ್ಟಿದ್ರೆ ನಾನು ಮುಂದಿನ ಬೆಂಚಲ್ಲಿ ಕೂರ್ತಿದ್ದೆ. ಒಮ್ಮೆ ಬೆಂದು ಒಣಗಿದ ಅಕ್ಕಿಯ ಪಿಷ್ಟ ಗಾಜಿನ ಥರ ಗಟ್ಟಿಯಾಗಿರುತ್ತೆ. ಒಳಗೆ ಸ್ವಲ್ಪವೇ ಸ್ವಲ್ಪ ತೇವ. ಇನ್ನೂರು ಡಿಗ್ರಿ ದಾಟಿದ ಮರಳು ಕಾಳನ್ನ ಎಲ್ಲಾ ಕಡೆಯಿಂದ ಒಟ್ಟಿಗೇ ಮುಟ್ಟುತ್ತೆ. ತೇವ ಆವಿಯಾಗಿ ಒತ್ತುತ್ತೆ, ಅದೇ ಹೊತ್ತಿಗೆ ಪಿಷ್ಟ ಮೆತ್ತಗಾಗಿ ಉಬ್ಬುತ್ತೆ, ನೀರು ಹೊರಗೆ ಹೋದ ತಕ್ಷಣ ಉಬ್ಬಿದ ಆಕಾರದಲ್ಲೇ ಗಟ್ಟಿಯಾಗುತ್ತೆ. ತೇವ ಜಾಸ್ತಿ ಆದ್ರೂ ಅರಳಲ್ಲ, ಕಮ್ಮಿ ಆದ್ರೂ ಅರಳಲ್ಲ. ಆ ಹದವನ್ನ ನನ್ನ ಗೆಳೆಯನ ಅಮ್ಮಿ ನಾಲ್ಕು ಕಾಳು ಹಲ್ಲಲ್ಲಿ ಕಚ್ಚಿ ಹೇಳ್ತಾರೆ. ನಮ್ಮ ಲ್ಯಾಬಿನ ಮಾಯಿಶ್ಚರ್ ಮೀಟರ್ ಕೆಟ್ಟು ಎರಡು ಸೆಮಿಸ್ಟರ್ ಆಯ್ತು.

ಅಮ್ಮಿಗೆ ಕೆಮ್ಮು ಇದೆ. ಭಟ್ಟಿ ಒಲೆಗೆ ಹೊಟ್ಟು, ಸೌದೆ, ಅಗ್ಗಕ್ಕೆ ಏನು ಸಿಗುತ್ತೋ ಅದು ಬೀಳುತ್ತೆ. ತಗಡಿನ ಚಾವಣಿ ಕೆಳಗೆ ಹೊಗೆ ಸುತ್ತುತ್ತೆ, ಜೊತೆಗೆ ಮರಳಿನ ಧೂಳು. ಮೊದಲ ಸಲ ಹೋದಾಗ ಹತ್ತು ನಿಮಿಷಕ್ಕೆ ನನ್ನ ಕಣ್ಣಲ್ಲಿ ನೀರು. ಅವರು ಅಲ್ಲಿ ದಿನಾ ಐದಾರು ತಾಸು ಇರ್ತಾರೆ. “ಕೂತ್ಕೋ ಬೇಟಾ, ಚಾ ಮಾಡ್ತೀನಿ” ಅಂತ ಮನೆಗೆ ಕರ್ಕೊಂಡು ಹೋಗಿ, ಬಿಸಿ ಮಂಡಕ್ಕಿಗೆ ಹಸಿ ಕೊಬ್ಬರಿ ಎಣ್ಣೆಯೂ ಅಲ್ಲ, ಏನೂ ಅಲ್ಲ, ಬರೀ ಈರುಳ್ಳಿ, ಹಸಿಮೆಣಸಿನಕಾಯಿ, ಶೇಂಗಾ ಹಾಕಿ ಕೊಟ್ರು. ಭಟ್ಟಿಯಿಂದ ಇಳಿದ ದಿನವೇ ತಿನ್ನೋ ಮಂಡಕ್ಕಿಗೆ ಒಂದು ಸುಟ್ಟ ವಾಸನೆ ಇರುತ್ತೆ, ಪ್ಯಾಕೆಟ್ಟಿನದಕ್ಕೆ ಅದು ಇರಲ್ಲ. ನಾನು ಈ ಊರಲ್ಲಿ ತಿಂದಿರೋದರಲ್ಲಿ ಅದೇ ಬೆಸ್ಟ್. ದೋಸೆಗಿಂತಲೂ.

ಹರಿಹರಕ್ಕೆ ನಾವಿಬ್ಬರೂ ಹೋಗೋದು ಭಾನುವಾರ. ಹದಿನಾಲ್ಕು ಕಿಲೋಮೀಟರ್, ಬಸ್ಸಲ್ಲಿ ಅರ್ಧ ಗಂಟೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ ಇದೆ. ವಿಗ್ರಹ ಅರ್ಧ ಶಿವ, ಅರ್ಧ ವಿಷ್ಣು. ಕಡೆದು ಹೊಳಪು ಕೊಟ್ಟ ಕಂಬಗಳನ್ನ ನೋಡಿ ಗೆಳೆಯ “ಇದನ್ನ ಯಾವ ಲೇತಲ್ಲಿ ಟರ್ನಿಂಗ್ ಮಾಡಿದ್ರಲೇ” ಅಂತಾನೆ, ಪ್ರತೀ ಸಲಾನೂ. ಆಮೇಲೆ ತುಂಗಭದ್ರೆ ಕಡೆ ಒಂದು ಸುತ್ತು, ಯಾವುದಾದ್ರೂ ಗಾಡಿಯಲ್ಲಿ ಮೆಣಸಿನಕಾಯಿ, ಇಲ್ಲಾ ಖಾನಾವಳಿಯಲ್ಲಿ ಜೋಳದ ರೊಟ್ಟಿ ಊಟ. ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಗಟ್ಟಿ ಮೊಸರು. ಗುರೆಳ್ಳು ಪುಡಿಗೆ ಮೊಸರು ಕಲಸಿಕೊಳ್ಳಿ, ಒಣಗಿದ್ದನ್ನ ಬಾಯಿಗೆ ಹಾಕಿದ್ರೆ ಗಂಟಲು ಹಿಡಿಯುತ್ತೆ. ಹಾಸ್ಟೆಲ್ ಮೆಸ್ಸಿನ ಚಪಾತಿ ತಿಂದು ತಿಂದು ಸಾಕಾದ ನಾಲಿಗೆಗೆ ಈ ಊಟ ಔಷಧಿ.

ಲೇತ್ ಮಾತು ಅವನು ಸುಮ್ಮನೆ ಆಡೋದಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದಿದ್ದು ಹರಿಹರದಲ್ಲೇ. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಇಲ್ಲಿ ತಯಾರಾದ ಲೇತ್ ಇದೆ. ಈ ಶತಮಾನದ ಶುರುವಿನಲ್ಲಿ ಬಾಗಿಲು ಹಾಕಿತು. ಮುಂದಿನ ಸಲ ಯಾವುದಾದ್ರೂ ಹಳೇ ಲೇತ್ ಮುಂದೆ ನಿಂತಾಗ ಅದರ ಪ್ಲೇಟ್ ಓದಿ. ಗೆಳೆಯನ ಅಬ್ಬಾ ಹುಡುಗನಾಗಿದ್ದಾಗ ಅಲ್ಲಿ ಕೆಲಸಕ್ಕೆ ಸೇರೋ ಆಸೆ ಇತ್ತಂತೆ. ಭಟ್ಟಿಗೆ ಹೋದರು.

ಈಗ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಇದರ ಮೇಲೇ. ಬಿಸಿಗಾಳಿಯಲ್ಲಿ ತಾನೇ ತಾನಾಗಿ ಅಕ್ಕಿ ಅರಳಿಸೋ ಮಷಿನ್ನು ಮಾಡೋಣ, ಮರಳೂ ಬೇಡ, ಹೊಗೆಯೂ ಇಲ್ಲ ಅಂತ ನಾನು ಡ್ರಾಯಿಂಗ್ ತಗೊಂಡು ಹೋದೆ. ಅಮ್ಮಿ ಪೂರ್ತಿ ಕೇಳಿಸಿಕೊಂಡು “ಅದಕ್ಕೆ ಎಷ್ಟು ಜನ ಬೇಕು?” ಅಂದ್ರು. ಒಬ್ಬರು ಸಾಕು ಅಂದೆ. “ಈಗ ನಾವು ಆರು ಜನ ಇದ್ದೀವಿ. ಹೊಗಿ ಹೋದ್ರೆ ಸಾಕು ಬೇಟಾ, ಕೆಲ್ಸ ಹೋಗಬಾರ್ದು.”

ಹಾಗಾಗಿ ಮಷಿನ್ನು ಬಿಟ್ಟು ಒಲೆ ಹಿಡಿದಿದ್ದೀವಿ. ಮರಳು, ಕಡಾಯಿ, ಜರಡಿ ಎಲ್ಲ ಇದ್ದ ಹಾಗೇ. ಒಲೆಯ ಬಾಯಿ ಚಿಕ್ಕದು ಮಾಡಿ, ಹೊಟ್ಟು ಪೂರ್ತಿ ಉರಿಯೋ ಹಾಗೆ ಕೆಳಗಿಂದ ಗಾಳಿ ಕೊಟ್ಟು, ಮೇಲೆ ತಗಡಿನ ಹುಡ್ ಕಟ್ಟಿ, ಚಿಮಣಿಯಲ್ಲಿ ಹೊಗೆ ಹೊರಗೆ ಎಳೆಯೋದು. ಚಿಮಣಿ ಎತ್ತರ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ, ಆದ್ರೆ ಬಾಡಿಗೆ ಶೆಡ್ಡಿನ ಚಾವಣಿಗೆ ತೂತು ಕೊರೆಯೋಕೆ ಮಾಲೀಕರು ಒಪ್ಪಬೇಕು. ಖರ್ಚು ಎಷ್ಟು ಅಂತ ಕೇಳಿದ್ದಾರೆ, ಒಪ್ಪಿಲ್ಲ, ಬೇಡ ಅಂತಾನೂ ಅಂದಿಲ್ಲ. ಮೊದಲು ಗೋಡೆ ಪಕ್ಕ ಚಿಮಣಿ ತಿರುಗಿಸಿ ನೋಡ್ತಿದ್ದೀವಿ. ಎರಡು ತಿರುವು ಇದ್ರೆ ಹೊಗೆ ವಾಪಸ್ ಬರ್ತಿದೆ, ಒಂದೇ ತಿರುವಲ್ಲಿ ಪರವಾಗಿಲ್ಲ.

ಹೋದ ವಾರ ಸಿನಾಪ್ಸಿಸ್ ಕೊಟ್ವಿ. ಆಬ್ಜೆಕ್ಟಿವ್ಸ್ ಅಂತ ಇರೋ ಕಡೆ ಗೆಳೆಯ ಎರಡು ಸಾಲು ಬರೆದಿದ್ದ. ಒಂದು, ಕೆಲಸದ ಜಾಗದಲ್ಲಿ ಹೊಗೆ ಕಮ್ಮಿ ಮಾಡೋದು. ಎರಡು, ಕೆಲಸಗಾರರ ಸಂಖ್ಯೆ ಆರೇ ಇರಬೇಕು. ಎರಡನೆಯದು ಟೆಕ್ನಿಕಲ್ ಆಬ್ಜೆಕ್ಟಿವ್ ಅಲ್ಲ, ತೆಗೀರಿ ಅಂತ ಗೈಡ್ ಹೇಳಿದ್ರು. ಅವನು “ಆಯ್ತು ಸರ್” ಅಂದ. ನಿನ್ನೆ ಪ್ರಿಂಟ್ ತೆಗೆದಾಗ ನೋಡಿದೆ, ಆ ಸಾಲು ಹಾಗೇ ಇತ್ತು. ನಾನೂ ಏನೂ ಅನ್ನದೆ ಸೈನ್ ಹಾಕಿದೆ.