ದೋಹಾದಲ್ಲಿ ಎಂಬತ್ತೈದು ನಿಮಿಷ

ಕಾಸರಗೋಡಿನವರಿಗೆ ವಿಮಾನ ಹೊಸತೇನಲ್ಲ. ಮನೆಗೊಬ್ಬರಲ್ಲದಿದ್ದರೂ ನಾಲ್ಕು ಮನೆಗೊಬ್ಬರಂತೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದವರು ನಮ್ಮಲ್ಲಿದ್ದಾರೆ. ಆದರೆ ಆ ಪ್ರಯಾಣ ಬಹುಮಟ್ಟಿಗೆ ನೇರ ಪ್ರಯಾಣ. ಬಜ್ಪೆಯಲ್ಲಿ ಹತ್ತಿದರೆ ದುಬೈಯಲ್ಲೋ ಅಬುಧಾಬಿಯಲ್ಲೋ ಇಳಿಯುವುದು. ಹೊರಗೆ ಭಾವನೋ ಚಿಕ್ಕಪ್ಪನೋ ಕಾದು ನಿಂತಿರುವುದು. ಈಗ ಮಕ್ಕಳು ಜರ್ಮನಿಗೆ, ಐರ್ಲೆಂಡಿಗೆ, ಕೆನಡಾಕ್ಕೆ ಓದಲು ಹೊರಡುತ್ತಿದ್ದಾರೆ. ಅವರ ಹಿಂದೆಯೇ, ಬಾಣಂತನಕ್ಕೋ ಮೊಮ್ಮಕ್ಕಳನ್ನು ಎತ್ತಿ ಆಡಿಸುವುದಕ್ಕೋ ಅಜ್ಜ ಅಜ್ಜಿಯಂದಿರೂ ಹೊರಡುತ್ತಿದ್ದಾರೆ. ಮಂಗಳೂರಿನಿಂದಾಗಲಿ, 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ನಿಲ್ದಾಣದಿಂದಾಗಲಿ ಆ ದೇಶಗಳಿಗೆ ನೇರ ವಿಮಾನವಿಲ್ಲ. ನಡುವೆ ಎಲ್ಲೋ ಒಂದು ಕಡೆ ಇಳಿದು ಇನ್ನೊಂದು ವಿಮಾನವನ್ನು ಹಿಡಿಯಲೇಬೇಕು. ಆ ನಡುನಿಲುಗಡೆಯ ಒಂದೆರಡು ಗಂಟೆಗಳ ಭಯ ಎಷ್ಟೋ ಹಿರಿಯರ ಪ್ರಯಾಣವನ್ನೇ ತಡೆದಿರುವುದನ್ನು ನಾನು ಬಲ್ಲೆ. "ಭಾಷೆ ಬಾರದು, ದಾರಿ ತಪ್ಪಿದರೆ ಯಾರನ್ನು ಕೇಳುವುದು?" ಎಂಬುದು ಅವರ ಪ್ರಶ್ನೆ.

ಕಳೆದ ಮಳೆಗಾಲದ ಆರಂಭದಲ್ಲಿ ಎಪ್ಪತ್ತೆರಡು ವರ್ಷದ ನನ್ನ ಅಮ್ಮನನ್ನು ಮ್ಯೂನಿಕ್‌ಗೆ ಕರೆದುಕೊಂಡು ಹೋಗುವ ಯೋಗ ಒದಗಿತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ಅಕ್ಕನ ಮಗಳು ಈಗ ಅಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳ ಹಸುಗೂಸನ್ನು, ಅಂದರೆ ಮರಿಮಗುವನ್ನು, ಕಣ್ಣಾರೆ ಕಾಣಬೇಕೆಂಬುದು ಅಮ್ಮನ ಹಂಬಲ. ನಾವು ಆರಿಸಿಕೊಂಡ ಮಾರ್ಗ ಕೋಝಿಕ್ಕೋಡಿನ ಕರಿಪ್ಪೂರಿನಿಂದ ದೋಹಾ, ಅಲ್ಲಿಂದ ಮ್ಯೂನಿಕ್. ದೋಹಾದಲ್ಲಿ ಒಂದು ವಿಮಾನ ಇಳಿಯುವುದಕ್ಕೂ ಇನ್ನೊಂದು ಏರುವುದಕ್ಕೂ ನಡುವೆ ಚೀಟಿಯ ಪ್ರಕಾರ ಇದ್ದ ಅವಧಿ ಎಂಬತ್ತೈದು ನಿಮಿಷ.

ಎಂಬತ್ತೈದು ನಿಮಿಷವೆಂದರೆ ಬಹಳವೆನಿಸುತ್ತದೆ. ವಕೀಲನಾದವನಿಗೆ ಲೆಕ್ಕವನ್ನು ಬಿಡಿಸಿ ನೋಡುವ ಅಭ್ಯಾಸ. ವಿಮಾನ ಹೊರಡುವ ವೇಳೆ ಬೇರೆ, ದ್ವಾರ ಮುಚ್ಚುವ ವೇಳೆ ಬೇರೆ. ದ್ವಾರ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ ಮೊದಲೇ ಮುಚ್ಚುತ್ತದೆ. ಅಲ್ಲಿಗೆ ಉಳಿದದ್ದು ಅರವತ್ತೈದು. ನೆಲ ಮುಟ್ಟಿದ ವಿಮಾನ ತನ್ನ ಸ್ಥಳ ಸೇರಿ, ಬಾಗಿಲು ತೆರೆದು, ಮುಂದಿನ ಸಾಲಿನವರು ತಮ್ಮ ಗಂಟುಮೂಟೆಗಳನ್ನು ಇಳಿಸಿಕೊಂಡು ಕದಲುವಷ್ಟರಲ್ಲಿ ಹದಿನೈದು ನಿಮಿಷ ಕಳೆದಿರುತ್ತದೆ. ಅನಂತರ ಭದ್ರತಾ ತಪಾಸಣೆ; ಅನಂತರ ನಡಿಗೆ. ಮೊದಲ ವಿಮಾನ ಅರ್ಧ ಗಂಟೆ ತಡವಾದರೆ ಉಳಿಯುವುದೇನೆಂಬುದನ್ನು ಮಕ್ಕಳೂ ಲೆಕ್ಕ ಹಾಕಬಲ್ಲರು.

ಹಾಗಾದರೆ ವಿಮಾನ ಸಂಸ್ಥೆಗಳು ಇಂಥ ಚೀಟಿಗಳನ್ನು ಮಾರುವುದೇಕೆ? ಪ್ರತಿಯೊಂದು ನಿಲ್ದಾಣಕ್ಕೂ 'ಕನಿಷ್ಠ ಸಂಪರ್ಕ ಅವಧಿ' ಎಂಬುದೊಂದು ನಿಗದಿಯಾಗಿರುತ್ತದೆ. ಆಸ್ಟ್ರಿಯಾದ ವಿಯೆನ್ನಾ ತನ್ನಲ್ಲಿ ಇಪ್ಪತ್ತೈದೇ ನಿಮಿಷ ಸಾಕೆಂದು ಹೆಮ್ಮೆಯಿಂದ ಸಾರುತ್ತದೆ; ಫ್ರಾಂಕ್‌ಫರ್ಟ್ ನಲವತ್ತೈದು ಎನ್ನುತ್ತದೆ. ಆ ಅವಧಿಗಿಂತ ಕಡಿಮೆ ಅಂತರವಿರುವ ಎರಡು ವಿಮಾನಗಳನ್ನು ಒಂದೇ ಚೀಟಿಯಲ್ಲಿ ಜೋಡಿಸಿ ಮಾರುವಂತಿಲ್ಲ. ಇದು ಎಳೆಯ ಕಾಲುಗಳಿಗೆ ಹಾಕಿದ ಲೆಕ್ಕ, ಮಂಡಿ ನೋವಿನ ಅಮ್ಮಂದಿರಿಗಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ 'ಒಂದೇ ಚೀಟಿ' ಎಂಬ ಆ ಎರಡು ಪದಗಳಲ್ಲಿಯೇ ಪ್ರಯಾಣಿಕನ ರಕ್ಷಣೆಯೆಲ್ಲ ಅಡಗಿದೆ.

ನಮ್ಮ ಕಡೆಯ ಕೃಷಿಕರೊಬ್ಬರು ಒಮ್ಮೆ ಕಾಗದಪತ್ರಗಳ ಕಟ್ಟನ್ನು ಹಿಡಿದು ನನ್ನ ಕಚೇರಿಗೆ ಬಂದಿದ್ದರು. ಮಗನನ್ನು ಯುರೋಪಿಗೆ ಓದಲು ಕಳುಹಿಸುವಾಗ ಎಂಟು ಸಾವಿರ ರೂಪಾಯಿ ಉಳಿಯುತ್ತದೆಂದು ಕೊಲ್ಲಿಯ ಒಂದು ನಗರದವರೆಗೆ ಒಂದು ಚೀಟಿ, ಅಲ್ಲಿಂದ ಮುಂದಕ್ಕೆ ಬೇರೊಂದು ಸಂಸ್ಥೆಯ ಇನ್ನೊಂದು ಚೀಟಿ ಕೊಂಡಿದ್ದರು. ನಡುವೆ ಮೂರೂವರೆ ಗಂಟೆಯ ಅಂತರವಿತ್ತು. ಮೊದಲ ವಿಮಾನ ಮೂರು ಗಂಟೆ ತಡವಾಯಿತು. ಹುಡುಗನ ಪೆಟ್ಟಿಗೆಗೆ ಕಟ್ಟಿದ್ದ ಪಟ್ಟಿ ಆ ನಡುವಿನ ನಗರದವರೆಗೆ ಮಾತ್ರ. ಅದನ್ನು ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾದರೆ ವಲಸೆ ತಪಾಸಣೆ ದಾಟಿ ಆ ದೇಶದೊಳಗೆ ಕಾಲಿಡಬೇಕು. ಅದಕ್ಕೆ ವೀಸಾ ಇಲ್ಲ. ಎರಡನೆಯ ಸಂಸ್ಥೆಯವರ ದೃಷ್ಟಿಯಲ್ಲಿ ಆತ ವಿಮಾನಕ್ಕೆ ಬಾರದೆ ಉಳಿದ ಪ್ರಯಾಣಿಕ. ಹೋಗುವ ಚೀಟಿಯ ಜೊತೆಗೆ ಹಿಂದಿರುಗುವ ಚೀಟಿಯೂ ರದ್ದಾಯಿತು. ಹೊಸ ಚೀಟಿಗೆ ಕೊಟ್ಟ ಹಣ ಅಡಿಕೆಯ ಒಂದು ಕೊಯ್ಲಿನದು. ಎರಡು ಸಂಸ್ಥೆಗಳೊಡನೆ ಎರಡು ಪ್ರತ್ಯೇಕ ಕರಾರುಗಳು. ಮೊದಲನೆಯವರು ನಡುವಿನ ನಗರದವರೆಗೆ ಮಾತ್ರ ಹೊಣೆ ಎಂದರು, ಎರಡನೆಯವರು ತಮ್ಮ ವಿಮಾನ ಸಕಾಲಕ್ಕೇ ಹೊರಟಿದೆ ಎಂದರು. ಇಬ್ಬರ ವಾದದಲ್ಲೂ ಹುರುಳಿತ್ತು.

ಅಂತರ್ಜಾಲದಲ್ಲಿ ಚೀಟಿ ಕೊಳ್ಳುವಾಗ 'ಸೆಲ್ಫ್ ಟ್ರಾನ್ಸ್‌ಫರ್' ಎಂಬ ಮಾತು ಸಣ್ಣ ಅಕ್ಷರಗಳಲ್ಲಿ ಕಂಡರೆ ಅದು ಇಂಥದೇ ಏರ್ಪಾಡು ಎಂದು ತಿಳಿಯತಕ್ಕದ್ದು. ಇಡೀ ಪ್ರಯಾಣಕ್ಕೆ ಒಂದೇ ಪಿಎನ್‌ಆರ್ ಸಂಖ್ಯೆ ಇದೆಯೇ, ಪೆಟ್ಟಿಗೆಯ ಪಟ್ಟಿಯಲ್ಲಿ ಕೊನೆಯ ಊರಿನ ಮೂರಕ್ಷರವೇ ಮುದ್ರಿತವಾಗಿದೆಯೇ ಎಂದು ನೋಡಬೇಕು. ನಮ್ಮ ಪೆಟ್ಟಿಗೆಗಳ ಮೇಲೆ ಮ್ಯೂನಿಕ್‌ನ 'ಎಂಯುಸಿ' ಇರುವುದನ್ನು ಕರಿಪ್ಪೂರಿನಲ್ಲಿ ಅಮ್ಮನೇ ಕನ್ನಡಕವೇರಿಸಿ ಓದಿದರು. (ಪೆಟ್ಟಿಗೆಯ ಮಾತು ಬಂದಾಗ ತೆಂಗಿನ ನಾಡಿನವರಿಗೆ ಒಂದು ಸೂಚನೆ: ಎಣ್ಣೆಯ ಅಂಶ ಹೆಚ್ಚಿರುವ ಒಣ ಕೊಬ್ಬರಿ ಬೆಂಕಿ ಹಿಡಿಯಬಲ್ಲ ವಸ್ತುವೆಂದು ನಿಷಿದ್ಧ ಪಟ್ಟಿಯಲ್ಲಿದೆ. ಅದಕ್ಕಾಗಿ ಕೊನೆಯ ಗಳಿಗೆಯಲ್ಲಿ ಪೆಟ್ಟಿಗೆ ಬಿಚ್ಚಿಸಿಕೊಂಡು ನಿಂತವರನ್ನು ಕಂಡಿದ್ದೇನೆ.)

ಆ ರಾತ್ರಿ ಕರಿಪ್ಪೂರಿನ ಗುಡ್ಡದ ಮೇಲೆ ಜಡಿಮಳೆ. ಬಜ್ಪೆಯಂತೆ ಇದೂ ಗುಡ್ಡದ ನೆತ್ತಿಯನ್ನು ಸಮತಟ್ಟುಗೊಳಿಸಿ ನಿರ್ಮಿಸಿದ ಓಡುದಾರಿ. ಮಳೆಯ ವಿಷಯದಲ್ಲಿ ಇಲ್ಲಿ ಯಾರೂ ಅವಸರ ತೋರುವುದಿಲ್ಲ, ತೋರಲೂಬಾರದು. ಬೆಳಗಿನ 5-20ಕ್ಕೆ ದೋಹಾ ಸೇರಬೇಕಾದವರು 5-45ಕ್ಕೆ ಇಳಿದೆವು. ದೋಹಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಚೀಟಿಯಲ್ಲಿ ನಮೂದಾಗುವುದು ಆಯಾ ಊರಿನ ಸಮಯ. ಅಮ್ಮನ ಕೈಗಡಿಯಾರ ಆಗ 8-15 ತೋರಿಸುತ್ತಿತ್ತು. "ನಮ್ಮ ವಿಮಾನ ಹೋಗಿಯೇ ಬಿಟ್ಟಿತಲ್ಲ!" ಎಂದು ಅವರು ಗಾಬರಿಗೊಂಡದ್ದು ಸಹಜವೇ. ಗಡಿಯಾರವನ್ನು ವಿಮಾನದಲ್ಲಿ ಕುಳಿತಿರುವಾಗಲೇ ತಿದ್ದಿಕೊಳ್ಳುವುದು ಲೇಸು.

ವಿಮಾನ ಕಟ್ಟಡದಿಂದ ದೂರ ನಿಂತಿತ್ತು. ಮೆಟ್ಟಿಲಿಳಿದರೆ ಆ ಮುಂಜಾನೆಯಲ್ಲಿಯೂ ಬಿಸಿಗಾಳಿ ಹಂಡೆಯ ಹಬೆಯಂತೆ ಮುಖಕ್ಕೆ ಬಡಿಯಿತು. ಬಸ್ಸಿನಲ್ಲಿ ಹನ್ನೆರಡು ನಿಮಿಷ. ಕಟ್ಟಡದೊಳಗೆ ಕಾಲಿಟ್ಟೊಡನೆ ಎದುರಾಗುವುದು ಒಂದು ಕವಲು. ಒಂದು ಫಲಕ 'ಅರೈವಲ್ಸ್', ಇನ್ನೊಂದು 'ಟ್ರಾನ್ಸ್‌ಫರ್ಸ್'. ಮೊದಲನೆಯದು ಆ ದೇಶಕ್ಕೆ ಬಂದವರಿಗೆ, ಎರಡನೆಯದು ಮುಂದೆ ಹೋಗುವವರಿಗೆ. ನಡುನಿಲುಗಡೆಯಲ್ಲಿ ಇಂಗ್ಲಿಷ್ ತಿಳಿದಿರಲೇಬೇಕಾದ ಜಾಗ ಇದೊಂದೇ ಎಂದು ನನ್ನ ಭಾವನೆ. ಆ ಎರಡು ಪದಗಳ ಭೇದ ತಿಳಿದ ಮೇಲೆ ಉಳಿದದ್ದೆಲ್ಲ ಅಕ್ಷರ ಮತ್ತು ಅಂಕಿ. ಎ, ಬಿ, ಸಿ, ಡಿ, ಇ ಎಂಬ ಐದು ಮೊಗಸಾಲೆಗಳು, ಅವುಗಳಲ್ಲಿ ಎಣಿಸಿಟ್ಟ ದ್ವಾರಗಳು. ಕನ್ನಡ ಮಾಧ್ಯಮದ ಐದನೆಯ ತರಗತಿಯ ಮಗು ಇಷ್ಟನ್ನು ನಿರಾಯಾಸವಾಗಿ ಓದಬಲ್ಲದು.

ಕವಲಿನ ಬಳಿ ಮುಂದಿನ ವಿಮಾನಗಳ ಹೆಸರು ಬರೆದ ಫಲಕ ಹಿಡಿದು ಸಿಬ್ಬಂದಿ ನಿಂತಿದ್ದರು. ಚೀಟಿ ತೋರಿಸಿದೊಡನೆ ತಪಾಸಣೆಯ ಸಾಲಿನಲ್ಲಿ ನಮ್ಮನ್ನು ಮುಂದಕ್ಕೆ ಕಳುಹಿಸಿದರು. ಕರಿಪ್ಪೂರಿನಲ್ಲಿ ತಪಾಸಣೆಯ ಅನಂತರ ಕೊಂಡ ನೀರಿನ ಬಾಟಲಿಯೂ ಇಲ್ಲಿ ನಡೆಯದು. ಅಮ್ಮ ಅದನ್ನು ಬಿಸಾಡಲು ಮನಸ್ಸಿಲ್ಲದೆ ನಿಂತು ಕುಡಿದು ಮುಗಿಸಿದರು. ನನ್ನ ಎದೆಬಡಿತವೆಷ್ಟಿತ್ತೆಂದು ಅವರಿಗೇನು ಗೊತ್ತು! ತಪಾಸಣಾ ಯಂತ್ರದ ಬಳಿಯಿದ್ದ ಹೆಣ್ಣುಮಗಳೊಬ್ಬಳು ಅಮ್ಮನ ಗೊಂದಲವನ್ನು ಗಮನಿಸಿ ಮಲೆಯಾಳದಲ್ಲಿ, ಬಳೆ ತೆಗೆಯಬೇಕಾಗಿಲ್ಲ, ಚಪ್ಪಲಿಯೂ ಇರಲಿ ಎಂದಳು. ಮನೆಯಲ್ಲಿ ಕನ್ನಡ, ನೆರೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ ಎಂದು ಬಾಳಿದ ಅಮ್ಮನಿಗೆ ಆ ಪೇಟೆಯ ಭಾಷೆ ಇಷ್ಟು ದೂರದಲ್ಲಿ ಒದಗಿಬಂದದ್ದು ಬಹಳ ಸಂತೋಷವನ್ನುಂಟುಮಾಡಿತು. ಗಡಿನಾಡಿನವರಾದ ನಾವು ಯಾವ ಭಾಷೆಯೂ ಬಾರದವರೆಂದು ನಮ್ಮನ್ನು ನಾವೇ ಹಳಿದುಕೊಳ್ಳುವುದುಂಟು. ಕೊಲ್ಲಿಯ ನಿಲ್ದಾಣಗಳಲ್ಲಿ ನಮ್ಮಷ್ಟು ಸುಲಭವಾಗಿ ದಾರಿ ಕೇಳಬಲ್ಲವರು ವಿರಳ.

ಆಗ ಸಮಯ 6-14. ದ್ವಾರ ಮುಚ್ಚುವುದು 6-25ಕ್ಕೆ. ದೋಹಾದ ಹಮದ್ ನಿಲ್ದಾಣದ ಕಟ್ಟಡ ಬಹಳ ಉದ್ದ. ಎ, ಬಿ ದ್ವಾರಗಳು ಈ ತುದಿಯಲ್ಲಿ, ಡಿ, ಇ ದ್ವಾರಗಳು ಆ ತುದಿಯಲ್ಲಿ. ನಡುವೆ ಕಟ್ಟಡದೊಳಗೇ ಮೇಲ್ಭಾಗದಲ್ಲಿ ಒಂದು ಪುಟ್ಟ ರೈಲು ಓಡಾಡುತ್ತದೆ. ನಮ್ಮದು ಆ ತುದಿ. ಗಾಲಿಕುರ್ಚಿ ಬೇಡವೆಂದು ನಾವು ಮೊದಲೇ ನಿರ್ಧರಿಸಿದ್ದೆವು. ಕಾಲಿನ ಬಲಹೀನತೆಗಿಂತ ಭಾಷೆಯ ಭಯದಿಂದ ಗಾಲಿಕುರ್ಚಿ ಕೇಳುವವರು ನಮ್ಮಲ್ಲಿ ಅನೇಕರು. ನಿಜವಾದ ಅಗತ್ಯವುಳ್ಳವರಿಗೆ ಅದು ದೊಡ್ಡ ಆಸರೆ. ಪ್ರಯಾಣಕ್ಕೆ ಎರಡು ದಿನ ಮೊದಲೇ ತಿಳಿಸಿರಬೇಕು. ಆದರೆ ಗಾಲಿಕುರ್ಚಿಯವರನ್ನು ವಿಮಾನದಿಂದ ಇಳಿಸುವುದು ಎಲ್ಲರೂ ಇಳಿದಾದ ಮೇಲೆ. ಅವಧಿ ಕಿರಿದಾಗಿದ್ದಾಗ ಆ ವಿಳಂಬವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾವು ರೈಲು ಹಿಡಿದು, ಸೀರೆಯ ನೆರಿಗೆ ಎತ್ತಿ ಹಿಡಿದ ಅಮ್ಮನೊಡನೆ ದ್ವಾರ ಮುಟ್ಟಿದಾಗ 6-22. ಒಳಗೆ ಕುಳಿತ ಮೇಲೆ ಅಮ್ಮ ಹೇಳಿದ್ದು ಇಷ್ಟೇ: "ಕುಂಬಳೆಯಲ್ಲಿ ಬಸ್ಸು ಹಿಡಿದ ಹಾಗಾಯಿತು ಮಾರಾಯ."

ಮನುಷ್ಯರು ಓಡಿ ವಿಮಾನ ಹಿಡಿದರೂ ಪೆಟ್ಟಿಗೆಗಳು ಓಡಲಾರವು. ಮ್ಯೂನಿಕ್‌ನಲ್ಲಿ ನನ್ನ ಪೆಟ್ಟಿಗೆ ಬಂದಿತು, ಅಮ್ಮನದು ಬರಲಿಲ್ಲ. ಔಷಧ, ಒಂದು ಸೀರೆ, ಮಗುವಿಗೆಂದು ತಂದ ಬೆಳ್ಳಿಯ ಕಾಲ್ಗಡಗ ಕೈಚೀಲದಲ್ಲಿದ್ದುದರಿಂದ ಧೈರ್ಯವಿತ್ತು. ಇಂಥ ಸಂದರ್ಭದಲ್ಲಿ ನಿಲ್ದಾಣದಿಂದ ಹೊರಬೀಳುವ ಮೊದಲೇ ಸಾಮಾನು ವಿಭಾಗದಲ್ಲಿ ಲಿಖಿತ ದೂರು ಕೊಟ್ಟು ಅದರ ಸಂಖ್ಯೆ ಪಡೆಯಬೇಕು. ಮರುದಿನ ಸಂಜೆ ಪೆಟ್ಟಿಗೆ ಮನೆಯ ಬಾಗಿಲಿಗೇ ಬಂದಿತು, ಹಪ್ಪಳ ಒಂದೂ ಮುರಿಯದೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಉಚಿತ. ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತ 2009ರಲ್ಲಿ ಅದಕ್ಕೆ ಸೇರಿತು. ವಿಳಂಬದಿಂದಾದ ನಷ್ಟಕ್ಕೆ ವಿಮಾನ ಸಂಸ್ಥೆ ಹೊಣೆ, ತಾನು ಸಾಧ್ಯವಾದ ಎಲ್ಲ ಯುಕ್ತ ಕ್ರಮಗಳನ್ನು ಕೈಗೊಂಡೆನೆಂದು ಅದು ಸಿದ್ಧಪಡಿಸದ ಹೊರತು. ಪೆಟ್ಟಿಗೆ ಜಖಂಗೊಂಡಿದ್ದರೆ ಅದನ್ನು ಪಡೆದ ಏಳು ದಿನಗಳೊಳಗೆ, ತಡವಾಗಿ ಕೈಸೇರಿದ್ದರೆ ಇಪ್ಪತ್ತೊಂದು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ದಾವೆ ಹೂಡಲು ಎರಡು ವರ್ಷ. ಯುರೋಪಿನಿಂದ ಹೊರಡುವ ಪ್ರಯಾಣಕ್ಕಾದರೆ ಅಲ್ಲಿನ 261/2004ನೇ ನಿಯಮ ಇನ್ನೂ ಉದಾರ. 2018ರಲ್ಲಿ ಯುರೋಪಿಯನ್ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದರಲ್ಲಿ ಪ್ರಯಾಣಿಕರೊಬ್ಬರು ಬರ್ಲಿನ್‌ನಿಂದ ಕಾಸಾಬ್ಲಾಂಕಾ ಮಾರ್ಗವಾಗಿ ಮೊರಾಕ್ಕೋದ ಅಗಾದಿರ್‌ಗೆ ಹೊರಟಿದ್ದರು. ಕಾಸಾಬ್ಲಾಂಕಾದಲ್ಲಿ ಅವರ ಆಸನವನ್ನು ಬೇರೊಬ್ಬರಿಗೆ ಕೊಟ್ಟಾಗಿತ್ತು; ನಾಲ್ಕು ಗಂಟೆ ತಡವಾಗಿ ತಲಪಿದರು. ತೊಂದರೆಯಾದದ್ದು ಯುರೋಪಿನ ಹೊರಗೆ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಒಂದೇ ಬುಕಿಂಗ್‌ನಲ್ಲಿ ಕೊಂಡದ್ದು ಒಂದೇ ಪ್ರಯಾಣ ಎಂದಿತು. ಹಾಗಾಗಿ ಜರ್ಮನಿಯಿಂದ ಊರಿಗೆ ಮರಳುವ ನಮ್ಮ ಮಕ್ಕಳಿಗೆ ನಡುನಿಲ್ದಾಣದಲ್ಲಿ ವಿಮಾನ ತಪ್ಪಿ, ಕೊನೆಯ ಊರು ಮೂರು ಗಂಟೆ ಅಥವಾ ಹೆಚ್ಚು ತಡವಾದರೆ, ಅಸಾಧಾರಣ ಕಾರಣಗಳಿಲ್ಲದಿದ್ದಲ್ಲಿ 600 ಯುರೋವರೆಗೆ ಕೇಳುವ ಹಕ್ಕಿದೆ. ಇಲ್ಲಿಯೇ ದೂರು ಕೊಡುವುದಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ವಯ ದೂರುದಾರ ತಾನು ವಾಸವಿರುವ ಜಿಲ್ಲೆಯ ಆಯೋಗಕ್ಕೆ ಹೋಗಬಹುದು. ಮುಂಬೈಗೋ ದೆಹಲಿಗೋ ಅಲೆಯಬೇಕಾಗಿಲ್ಲ. ಬೋರ್ಡಿಂಗ್ ಪಾಸಿನ ಚೂರು ಮತ್ತು ಪೆಟ್ಟಿಗೆಯ ಪಟ್ಟಿ ಮಾತ್ರ ಜೋಪಾನವಾಗಿರಲಿ.

ಎಲ್ಲ ನಡುನಿಲ್ದಾಣಗಳೂ ದೋಹಾದಂತೆ ಒಂದೇ ಕಟ್ಟಡದಲ್ಲಿರುವುದಿಲ್ಲ. ದುಬೈಯ ಎರಡನೆಯ ಟರ್ಮಿನಲ್ ಓಡುದಾರಿಯ ಆಚೆ ಬದಿಯಲ್ಲಿದೆ. ಅಮೆರಿಕದ ನಿಲ್ದಾಣದಲ್ಲಿ ವಿಮಾನ ಬದಲಾಯಿಸುವವರು ಮೆಕ್ಸಿಕೋಕ್ಕೇ ಹೋಗುವವರಾದರೂ ಅಮೆರಿಕದ ವೀಸಾ ಹೊಂದಿರಬೇಕು, ಅಲ್ಲಿಯ ವಲಸೆ ತಪಾಸಣೆ ದಾಟಬೇಕು. ವಿದೇಶದಿಂದ ಬಂದು ಬೆಂಗಳೂರಿನಲ್ಲಿ ಮಂಗಳೂರಿನ ವಿಮಾನ ಹಿಡಿಯುವವರಿಗೆ ವಲಸೆ, ಪೆಟ್ಟಿಗೆ, ಸುಂಕ ಮೂರೂ ಬೆಂಗಳೂರಿನಲ್ಲೇ ಆಗಬೇಕು. ಮುಂದಿನ ವಿಮಾನ ಒಂದನೆಯ ಟರ್ಮಿನಲ್‌ನಿಂದಾದರೆ ಬಸ್ಸಿನ ಪ್ರಯಾಣವೂ ಸೇರುತ್ತದೆ. ಅಲ್ಲಿ ಮೂರು ಗಂಟೆಗೆ ಕಡಿಮೆ ಇಟ್ಟುಕೊಳ್ಳಬೇಡಿರೆಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಮರಳುವಾಗ ದೋಹಾದಲ್ಲಿ ನಾಲ್ಕು ಗಂಟೆ ಸಿಗುವಂತೆ ಚೀಟಿ ಕೊಂಡಿದ್ದೆ. ಆ ಸಲುವಾಗಿ ಸ್ವಲ್ಪ ಹೆಚ್ಚೇ ತೆತ್ತಿದ್ದೆ. ಹೋಗುವಾಗ ಕಣ್ಣಿಗೇ ಬೀಳದಿದ್ದ ಆ ಪ್ರಸಿದ್ಧ ಹಳದಿ ಕರಡಿಯನ್ನು ಆಗ ಕಂಡೆವು. ಸುಮಾರು ಏಳು ಮೀಟರ್ ಎತ್ತರದ, ನೆತ್ತಿಯ ಮೇಲೆ ದೀಪ ಹೊತ್ತು ಕುಳಿತ ಕಂಚಿನ ಕರಡಿ. ಸ್ವಿಟ್ಜರ್ಲೆಂಡಿನ ಕಲಾವಿದ ಉರ್ಸ್ ಫಿಷರ್ ಅವರ ಕೃತಿ. ಅಮ್ಮ ಅದನ್ನು ಸುತ್ತಿ ಬಂದು, ಮರಿಮಗುವಿನ ತಾಯಿಗೆ ಕಳುಹಿಸಲು ಅದರ ಎದುರು ನಿಂತು ಚಿತ್ರ ತೆಗೆಸಿಕೊಂಡರು. ಅನಂತರ ಒಳಾಂಗಣ ತೋಟದ ಮರಗಳ ಕೆಳಗೆ ಬೆಂಚಿನಲ್ಲಿ ಕುಳಿತು ಅವಲಕ್ಕಿಯ ಪೊಟ್ಟಣ ಬಿಚ್ಚಿದರು. ದ್ವಾರದ ಸಂಖ್ಯೆ ಫಲಕದಲ್ಲಿ ಮೂಡಿದಾಗ ಅದನ್ನು ಮೊದಲು ಓದಿದವರು ಅವರೇ.